ಬ್ಯಾಕಪ್ಪಿನ ಕೊನೆಯ ಹೆಜ್ಜೆ

ಗಣಕಯಂತ್ರಗಳನ್ನು ನಂಬಿ ನಡೆಯುವ ಯಾವ ಕಚೇರಿಯಲ್ಲಾದರೂ ‘ಬ್ಯಾಕಪ್ ತೆಗೆದಿಡುತ್ತೀರಾ?’ ಎಂದು ವಿಚಾರಿಸಿದರೆ ‘ದಿನಾಲೂ ತೆಗೆಯುತ್ತೇವೆ’ ಎಂಬ ಉತ್ತರ ತಡವಿಲ್ಲದೆ ದೊರೆಯುತ್ತದೆ. ‘ಈ ಸರ್ವರ್ ಇಂದು ರಾತ್ರಿ ಸಂಪೂರ್ಣವಾಗಿ ಹಾಳಾದರೆ, ನಾಳೆ ಬರಿಯ ಹೊಸ ಯಂತ್ರವೊಂದರ ಮೇಲೆ ಅದನ್ನು ಮೊದಲಿದ್ದಂತೆಯೇ ಎಬ್ಬಿಸಿ ನಿಲ್ಲಿಸಲು ಬೇಕಾದ ವಿವರಗಳು ಎಲ್ಲಿವೆ, ಮತ್ತು ಅವು ಯಾವ ದಿನದವು?’ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಈ ಎರಡು ಪ್ರಶ್ನೆಗಳ ನಡುವಣ ಅಂತರವನ್ನು ಕುರಿತು ವಿಚಾರಮಾಡುವುದು ಈ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ದತ್ತಾಂಶದ ಪ್ರತಿಯು ಟೇಪಿಗೋ ಡಿಸ್ಕಿಗೋ ಇಳಿದ ಮಾತ್ರಕ್ಕೆ ಬ್ಯಾಕಪ್ ಮುಗಿಯಿತೆಂದು ತಿಳಿಯಲಾಗದು, ಆ ಪ್ರತಿಯಿಂದ ಯಂತ್ರವನ್ನು ಮರಳಿ ಕಟ್ಟುವ ಕ್ರಮವನ್ನು ತಿಳಿಸುವ ರಿಕವರಿ ಫೈಲು ಆ ದಿನದ ಸ್ಥಿತಿಗೆ ಸರಿಯಾಗಿ ಪರಿಷ್ಕೃತವಾಗಿ, ಯಂತ್ರದಿಂದ ಹೊರಗೆ ಸುರಕ್ಷಿತವಾದೊಂದು ಎಡೆಯನ್ನು ಸೇರಿದ ಮೇಲೆಯೇ ಅದು ಮುಗಿದಂತೆ.

ರಿಕವರಿ ಫೈಲಿನಲ್ಲಿ ಏನಿರುತ್ತದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸರ್ವರೊಂದರ ಡಿಸ್ಕು ಸುಟ್ಟುಹೋಗಿದೆ, ಹೊಸ ಡಿಸ್ಕನ್ನು ಜೋಡಿಸಲಾಗಿದೆ, ಬ್ಯಾಕಪ್ ಇರುವ ಟೇಪು ಕಪಾಟಿನಲ್ಲಿ ಸುರಕ್ಷಿತವಾಗಿದೆ ಎಂದಿಟ್ಟುಕೊಳ್ಳೋಣ. ಹೊಸ ಡಿಸ್ಕಿನಲ್ಲಿ ಆಪರೇಟಿಂಗ್ ಸಿಸ್ಟಮ್ ಇಲ್ಲ. ಆದಕಾರಣ ಟೇಪನ್ನು ಓದತಕ್ಕ ಪ್ರೋಗ್ರಾಮೂ ಅದರಲ್ಲಿಲ್ಲ. ಮೊದಲು ಸಿಡಿಯಿಂದಲೋ ಪೆನ್‌ಡ್ರೈವಿನಿಂದಲೋ ಒಂದು ಪುಟ್ಟ ವ್ಯವಸ್ಥೆಯನ್ನು ಬೂಟ್ ಮಾಡಬೇಕು. ಆ ಪುಟ್ಟ ವ್ಯವಸ್ಥೆಗೆ ಡಿಸ್ಕು ಕಾಣಬೇಕಾದರೆ ಡಿಸ್ಕ್ ಕಂಟ್ರೋಲರಿನ ಡ್ರೈವರ್ ಬೇಕು. ಜಾಲದ ಮೂಲಕ ಬ್ಯಾಕಪ್ ಸರ್ವರನ್ನು ಮುಟ್ಟಬೇಕಾದರೆ ನೆಟ್‌ವರ್ಕ್ ಕಾರ್ಡಿನ ಡ್ರೈವರೂ ಐಪಿ ವಿಳಾಸವೂ ಬೇಕು. ಡಿಸ್ಕನ್ನು ಎಷ್ಟು ಪಾರ್ಟಿಷನ್ನುಗಳಾಗಿ ವಿಭಾಗಿಸಬೇಕು, ಒಂದೊಂದರ ಗಾತ್ರವೆಷ್ಟು, ಯಾವುದರ ಮೇಲೆ ಯಾವ ಫೈಲ್ ಸಿಸ್ಟಮ್, ಬೂಟ್ ಲೋಡರ್ ಎಲ್ಲಿ ಎಂಬುದೆಲ್ಲ ತಿಳಿದಿರಬೇಕು. ಕಟ್ಟಕಡೆಗೆ, ಎಲ್ಲಕ್ಕಿಂತ ಮುಖ್ಯವಾಗಿ, ಈ ಯಂತ್ರದ ಇತ್ತೀಚಿನ ಬ್ಯಾಕಪ್ ಯಾವ ಟೇಪಿನಲ್ಲಿ, ಯಾವ ಭಾಗದಲ್ಲಿ ಇದೆ ಎಂಬುದು ಗೊತ್ತಿರಬೇಕು. ಇಷ್ಟನ್ನೂ ಬರೆದಿಟ್ಟಿರುವ ಫೈಲಿನ ಗಾತ್ರ ಕೆಲವು ಕಿಲೋಬೈಟುಗಳನ್ನು ಮೀರುವುದು ಅಪರೂಪ. ಟೆರಾಬೈಟುಗಳ ಲೆಕ್ಕದ ದತ್ತಾಂಶದ ಪಕ್ಕದಲ್ಲಿ ಇಷ್ಟು ಸಣ್ಣ ವಸ್ತುವು ಅಲಕ್ಷ್ಯಕ್ಕೆ ಗುರಿಯಾಗುವುದು ಸಹಜವೇ ಆದರೂ, ಆ ರಾಶಿಯ ಉಪಯುಕ್ತತೆಯೆಲ್ಲ ಈ ಸಣ್ಣದನ್ನು ಅವಲಂಬಿಸಿದೆ.

ಈ ಫೈಲು ಹಳತಾಗುವ ರೀತಿ ವಿಲಕ್ಷಣವಾದುದು. ಹಾಲಿನಂತೆ ಹಣ್ಣಿನಂತೆ ಕಾಲಗತಿಯಿಂದ ಅದು ಕೆಡುವುದಿಲ್ಲ. ಯಂತ್ರ ಬದಲಾಗದಿದ್ದರೆ ಐದು ವರ್ಷದ ಹಿಂದಿನ ವಿವರವೂ ಸರಿಯಾಗಿಯೇ ಇರುತ್ತದೆ, ಯಂತ್ರ ಬದಲಾದರೆ ನಿನ್ನೆಯದೂ ಸುಳ್ಳಾಗುತ್ತದೆ. ಅಣ್ಣತಮ್ಮಂದಿರ ನಡುವೆ ಜಮೀನು ಪೋಡಿಯಾದ ಮೇಲೆ, ಪೋಡಿಗೆ ಮುನ್ನಿನ ಸರ್ವೆ ನಕ್ಷೆಯನ್ನು ಹಿಡಿದು ಹದ್ದುಬಸ್ತಿಗೆ ಹೊರಟವನಿಗೆ, ನಕ್ಷೆಯ ಗೆರೆಗಳು ಎಷ್ಟೇ ಸ್ಪಷ್ಟವಾಗಿದ್ದರೂ, ಒಂದೊಂದು ಕಲ್ಲೂ ತಪ್ಪಿದ ಜಾಗದಲ್ಲಿಯೇ ಸಿಕ್ಕುತ್ತದಷ್ಟೆ. ನಕ್ಷೆಯ ಕಾಗದ ಹರಿದಿಲ್ಲ, ಶಾಯಿ ಮಾಸಿಲ್ಲ, ಮೊಹರು ಅಳಿದಿಲ್ಲ, ಆದರೂ ಅದು ಈಗಿರುವ ಜಮೀನಿನ ನಕ್ಷೆಯಲ್ಲ. ರಿಕವರಿ ಫೈಲಿನ ವಿಷಯದಲ್ಲಿಯೂ ಹಾಗೆಯೇ: ಹೊಸ ಡಿಸ್ಕೊಂದನ್ನು ಸೇರಿಸಿದಾಗ, ಪಾರ್ಟಿಷನ್ನನ್ನು ಹಿಗ್ಗಿಸಿದಾಗ, ಕಂಟ್ರೋಲರನ್ನು ಬದಲಿಸಿದಾಗ, ಆಪರೇಟಿಂಗ್ ಸಿಸ್ಟಮಿನ ಆವೃತ್ತಿಯನ್ನು ಏರಿಸಿದಾಗ, ಅದು ಯಾವ ಸದ್ದೂ ಇಲ್ಲದೆ ಅಸತ್ಯವಾಗುತ್ತದೆ. ನಡೆಯುತ್ತಿರುವ ಯಂತ್ರವು ಆ ಫೈಲನ್ನು ಎಂದೂ ಕೇಳುವುದಿಲ್ಲವಾಗಿ, ಈ ಅಸತ್ಯವು ಬಯಲಾಗುವ ಸಂದರ್ಭವೂ ಒದಗುವುದಿಲ್ಲ. ಬಯಲಾಗುವ ಏಕೈಕ ಸಂದರ್ಭವೆಂದರೆ, ತಪ್ಪನ್ನು ತಿದ್ದಿಕೊಳ್ಳಲು ಅವಕಾಶವೇ ಉಳಿಯದಿರುವ ಆಪತ್ಕಾಲ.

ಇನ್ನೊಂದು ಬಗೆಯ ಜೀರ್ಣತೆ ಇದಕ್ಕಿಂತಲೂ ಸೂಕ್ಷ್ಮವಾದುದು. ಫೈಲಿನ ಒಂದು ಭಾಗವು ಯಂತ್ರವನ್ನು ವರ್ಣಿಸಿದರೆ ಇನ್ನೊಂದು ಭಾಗವು ಬ್ಯಾಕಪ್ ಇರುವ ತಾಣವನ್ನು ಸೂಚಿಸುತ್ತದೆಯೆಂದು ಹೇಳಿದೆನಷ್ಟೆ. ಈ ಎರಡನೆಯ ಭಾಗವು, ಯಂತ್ರವು ಕಿಂಚಿತ್ತೂ ಬದಲಾಗದಿದ್ದರೂ, ಪ್ರತಿಯೊಂದು ಬ್ಯಾಕಪ್ಪಿನೊಡನೆಯೂ ಹಳತಾಗುತ್ತದೆ. ಏಕೆಂದರೆ ನಿನ್ನೆಯ ಬ್ಯಾಕಪ್ ಒಂದು ಟೇಪಿನಲ್ಲಿದ್ದರೆ ಇಂದಿನದು ಮತ್ತೊಂದರಲ್ಲಿ. ಹಿಂದೆ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯದಾಗಿದ್ದ ‘ಡೇಟಾ ಪ್ರೊಟೆಕ್ಟರ್’ ಎಂಬ ಬ್ಯಾಕಪ್ ತಂತ್ರಾಂಶವು ಈ ವಿಷಯದಲ್ಲಿ ಒಳ್ಳೆಯ ದೃಷ್ಟಾಂತ. ಅದರಲ್ಲಿ ಒಂದೊಂದು ಯಂತ್ರಕ್ಕೂ ಎಸ್‌ಆರ್‌ಡಿ ಎಂದು ಕರೆಯುವ ಸಿಸ್ಟಮ್ ರಿಕವರಿ ಡೇಟಾ ಫೈಲು ಇರುತ್ತದೆ. ಬ್ಯಾಕಪ್ ಮುಗಿದ ಬಳಿಕ ಹೊಸ ಬ್ಯಾಕಪ್ಪಿನ ವಿವರಗಳನ್ನು ಆ ಫೈಲಿಗೆ ತುಂಬುವುದಕ್ಕಾಗಿಯೇ ‘ಓಮ್ನಿ-ಎಸ್‌ಆರ್‌ಡಿ-ಅಪ್‌ಡೇಟ್’ ಎಂಬ ಪ್ರತ್ಯೇಕ ಆದೇಶವನ್ನು ಕಲ್ಪಿಸಲಾಗಿದೆ. ಬ್ಯಾಕಪ್ ಕೊನೆಗೊಂಡೊಡನೆ ಅದು ತಾನಾಗಿಯೇ ನಡೆಯುವಂತೆ ಹೂಡಲೂಬಹುದು. ಹೂಡದೆ ಬಿಟ್ಟರೆ ಆಗುವುದೇನು? ಫೈಲು ತನಗೆ ತಿಳಿದಿರುವ ಹಳೆಯ ಟೇಪನ್ನೇ ಹೆಸರಿಸುತ್ತದೆ. ಆ ಟೇಪಿನ ಮೇಲೆ ಈಗಾಗಲೇ ಬೇರೆಯದನ್ನು ಬರೆದಿದ್ದರೆ ಪುನಃಸ್ಥಾಪನೆ ಅಲ್ಲಿಗೇ ನಿಲ್ಲುತ್ತದೆ. ಬರೆಯದಿದ್ದರೆ ಇನ್ನೂ ಕೆಡುಕು, ಏಕೆಂದರೆ ಯಂತ್ರವು ಯಾವ ದೋಷವನ್ನೂ ತೋರಿಸದೆ ತಿಂಗಳ ಹಿಂದಿನ ಸ್ಥಿತಿಗೆ ಮರಳಿ ಎದ್ದು ನಿಲ್ಲುತ್ತದೆ. ಮೊದಲನೆಯದು ಕಣ್ಣಿಗೆ ಕಾಣುವ ವಿಫಲತೆ, ಅದಕ್ಕೆ ಪರಿಹಾರವನ್ನು ಹುಡುಕಬಹುದು. ಎರಡನೆಯದು ಸಫಲತೆಯ ವೇಷವನ್ನು ತೊಟ್ಟ ವಿಫಲತೆ, ಅದು ಗಮನಕ್ಕೆ ಬರುವ ಹೊತ್ತಿಗೆ ಹಳೆಯ ಲೆಕ್ಕದ ಮೇಲೆ ಹೊಸ ಲೆಕ್ಕ ಬೆರೆತು ಬೇರ್ಪಡಿಸಲಾಗದಂತಾಗಿರುತ್ತದೆ.

ದತ್ತಾಂಶವಿದ್ದೂ ಮರಳಿ ಕಟ್ಟುವ ಮೂಲವಿಲ್ಲದೆ ಹೋದರೆ ಎಷ್ಟು ದೊಡ್ಡ ಸಂಸ್ಥೆಯೂ ಎಂಥ ಅಸಹಾಯ ಸ್ಥಿತಿಗೆ ಇಳಿಯಬಹುದೆಂಬುದನ್ನು 2017ರ ಜೂನ್ 27ರಂದು ಡೆನ್ಮಾರ್ಕಿನ ಹಡಗು ಸಂಸ್ಥೆಯಾದ ಮೇರ್ಸ್ಕ್ ಅನುಭವಿಸಿತು. ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಮೂಲಕ ಹರಡಿದ ನಾಟ್‌ಪೆಟ್ಯಾ ಎಂಬ ದುಷ್ಟ ಪ್ರೋಗ್ರಾಮು ಆ ಸಂಸ್ಥೆಯ ಯಂತ್ರಗಳನ್ನು ಜಗತ್ತಿನಾದ್ಯಂತ ಅಳಿಸಿಹಾಕಿತು. ಬೇರೆ ಬೇರೆ ಸರ್ವರುಗಳ ಬ್ಯಾಕಪ್ಪುಗಳು ಬಹುಮಟ್ಟಿಗೆ ಇದ್ದವು. ಮೂರರಿಂದ ಏಳು ದಿನಗಳ ಹಿಂದಿನವು. ಆದರೆ ಯಾವ ಬಳಕೆದಾರನಿಗೆ ಯಾವ ಯಂತ್ರಕ್ಕೆ ಪ್ರವೇಶವೆಂಬುದನ್ನು ನಿರ್ಧರಿಸುವ, ಇಡೀ ಜಾಲಕ್ಕೆ ಅಸ್ಥಿಪಂಜರದಂತಿರುವ ಡೊಮೈನ್ ಕಂಟ್ರೋಲರುಗಳ ಬ್ಯಾಕಪ್ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಸುಮಾರು 150 ಕಂಟ್ರೋಲರುಗಳು ಪರಸ್ಪರರ ಪ್ರತಿಯನ್ನು ಇಟ್ಟುಕೊಂಡಿದ್ದುದರಿಂದ, ಒಂದು ಕೆಟ್ಟರೆ ಇನ್ನೊಂದರಿಂದ ಅದನ್ನು ಕಟ್ಟಬಹುದೆಂಬ ಭರವಸೆ ಇತ್ತು. ಎಲ್ಲವೂ ಏಕಕಾಲದಲ್ಲಿ ಅಳಿಯಬಹುದೆಂಬುದು ಆ ಯೋಜನೆಯೊಳಗೆ ಸೇರಿರಲಿಲ್ಲ. ಕಡೆಗೆ ಉಳಿದುದು ಘಾನಾ ದೇಶದ ಕಚೇರಿಯ ಒಂದೇ ಒಂದು ಕಂಟ್ರೋಲರ್, ಅದೂ ಆ ಹೊತ್ತಿನಲ್ಲಿ ಅಲ್ಲಿ ವಿದ್ಯುತ್ತು ಹೋಗಿ ಅದು ಜಾಲದಿಂದ ಕಡಿದುಹೋಗಿದ್ದ ಕಾರಣದಿಂದ. ಅಲ್ಲಿನ ಇಂಟರ್ನೆಟ್ ಸಂಪರ್ಕ ಅಷ್ಟು ದತ್ತಾಂಶವನ್ನು ಬೇಗ ಕಳುಹಿಸಲಾರದಷ್ಟು ಸಣ್ಣದಾಗಿತ್ತು. ಪುನಃಸ್ಥಾಪನೆಯ ಕೆಲಸ ನಡೆಯುತ್ತಿದ್ದುದು ಬ್ರಿಟನ್ನಿನಲ್ಲಿ, ಆದರೆ ಅಲ್ಲಿಗೆ ಹೋಗಲು ವೀಸಾ ಉಳ್ಳವರು ಘಾನಾದ ನೌಕರರಲ್ಲಿ ಇರಲಿಲ್ಲ. ಆದುದರಿಂದ ಒಬ್ಬರು ಹಾರ್ಡ್ ಡಿಸ್ಕನ್ನು ನೈಜೀರಿಯಾಕ್ಕೆ ಒಯ್ದು ಮತ್ತೊಬ್ಬರ ಕೈಗಿತ್ತು, ಅವರು ಅದನ್ನು ಇಂಗ್ಲೆಂಡಿನ ಮೇಡನ್‌ಹೆಡ್ಡಿಗೆ ತಲುಪಿಸಬೇಕಾಯಿತು. ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಪಿಸಿಗಳನ್ನೂ ಹೊಸದಾಗಿ ಕಟ್ಟಲಾಯಿತೆಂದು ಸಂಸ್ಥೆಯ ಅಧ್ಯಕ್ಷರು 2018ರಲ್ಲಿ ದಾವೋಸಿನಲ್ಲಿ ಹೇಳಿದರು. ಆ ಹತ್ತು ದಿನಗಳ ಶ್ರಮ ನಿಜವಾಗಿಯೂ ಶ್ಲಾಘ್ಯವಾದುದು. ಆದರೆ ಅಷ್ಟು ದೊಡ್ಡ ಸಂಸ್ಥೆಯ ಪುನರುತ್ಥಾನವು ಒಂದು ಊರಿನ ಕರೆಂಟ್ ಹೋದ ಆಕಸ್ಮಿಕವನ್ನು ಅವಲಂಬಿಸಿತ್ತೆಂಬುದನ್ನು ಮರೆಯಲಾಗದು. ಅದೃಷ್ಟವನ್ನು ವ್ಯವಸ್ಥೆಯೆಂದು ಎಣಿಸಲು ಬರುವುದಿಲ್ಲ.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಮೂರು ವಿಚಾರಾರ್ಹವಾಗಿವೆ. ಮೊದಲನೆಯದು, ಯಂತ್ರದ ರಚನೆ ವರ್ಷಕ್ಕೊಮ್ಮೆಯೋ ಎರಡು ಸಲವೋ ಬದಲಾಗುವಂಥದು, ಹಾಗಿರಲು ಪ್ರತಿ ಬ್ಯಾಕಪ್ಪಿನ ನಂತರವೂ ಪರಿಷ್ಕರಣವೇಕೆ ಎಂಬುದು. ತಾಣಸೂಚಕವಾದ ಭಾಗವು ಬ್ಯಾಕಪ್ಪು ಬ್ಯಾಕಪ್ಪಿಗೂ ಬದಲಾಗುತ್ತದೆಂಬುದು ಅರ್ಧ ಉತ್ತರ. ಉಳಿದರ್ಧವೆಂದರೆ, ಅಪರೂಪವಾಗಿ ಆಗುವ ಬದಲಾವಣೆಯೇ ನೆನಪಿನಿಂದ ಜಾರುವ ಬದಲಾವಣೆ. ದಿನವೂ ಮಾಡುವುದು ಅಭ್ಯಾಸವಾಗುತ್ತದೆ. ವರ್ಷಕ್ಕೊಮ್ಮೆ ಮಾಡಬೇಕಾದುದು ಯಾರೋ ಒಬ್ಬರ ಜ್ಞಾಪಕಶಕ್ತಿಯ ಹೊರೆಯಾಗುತ್ತದೆ, ಮತ್ತು ಆ ಒಬ್ಬರು ರಜೆಯ ಮೇಲಿರಬಹುದು, ಕೆಲಸ ಬಿಟ್ಟು ಹೋಗಿರಬಹುದು. ಮೈಕ್ರೊಸಾಫ್ಟ್ ಸಂಸ್ಥೆಯು ವಿಂಡೋಸಿನ ಸಾಮಾನ್ಯ ಬಳಕೆದಾರರಿಗೂ ರಿಕವರಿ ಡ್ರೈವನ್ನು ವರ್ಷಕ್ಕೊಮ್ಮೆ ಹೊಸದಾಗಿ ತಯಾರಿಸಿಕೊಳ್ಳುವಂತೆ ಸಲಹೆ ಕೊಡುತ್ತದೆ. ಮನೆಯ ಒಂದು ಕಂಪ್ಯೂಟರಿಗೆ ಸಾಕಾಗಬಹುದಾದ ಆ ಅವಧಿಯು ಸಾವಿರಾರು ಜನರ ವ್ಯವಹಾರ ನಡೆಯುವ ಸರ್ವರಿಗೆ ಸಾಲದು.

ಎರಡನೆಯ ಆಕ್ಷೇಪ ಇಂದಿನ ಕಾಲದ್ದು. ಈಗ ಯಂತ್ರಗಳೇ ಕಾಲ್ಪನಿಕವಾಗಿವೆ, ವರ್ಚುವಲ್ ಮೆಷೀನಿನ ಇಡೀ ಡಿಸ್ಕಿನ ಚಿತ್ರವನ್ನೇ ತೆಗೆದಿಡಬಹುದು, ಕ್ಲೌಡಿನಲ್ಲಿ ಕಬ್ಬಿಣದ ಪೆಟ್ಟಿಗೆಯ ಚಿಂತೆಯೇ ಇಲ್ಲ ಎನ್ನುತ್ತಾರೆ. ಒಂದು ಯಂತ್ರದ ಮಟ್ಟಿಗೆ ಈ ಮಾತು ನಿಜ. ಆದರೆ ಪುನಃಸ್ಥಾಪನೆಗೆ ಬೇಕಾದ ಜ್ಞಾನವು ಇದರಿಂದ ಇಲ್ಲವಾಗುವುದಿಲ್ಲ, ಒಂದು ಮಹಡಿ ಮೇಲಕ್ಕೆ ಏರುತ್ತದೆ. ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿರುವ ಜಾಲದ ರಚನೆ, ಯಾರಿಗೆ ಯಾವ ಅಧಿಕಾರವೆಂಬ ಪಟ್ಟಿ, ಗೂಢಲಿಪಿಯ ಕೀಲಿಗಳು, ಯಾವುದನ್ನು ಮೊದಲು ಎಬ್ಬಿಸಬೇಕು ಯಾವುದನ್ನು ಅನಂತರ ಎಂಬ ಅನುಕ್ರಮ, ಇವುಗಳನ್ನು ಆಯಾ ದಿನದ ಸ್ಥಿತಿಗೆ ಬರೆದಿಡುವ ಹೊಣೆ ಕ್ಲೌಡಿನಲ್ಲಿಯೂ ಬಳಕೆದಾರನದೇ. ಟೆರಾಫಾರ್ಮಿನಂಥ ಸಾಧನದಿಂದ ಕ್ಲೌಡಿನ ವ್ಯವಸ್ಥೆಯನ್ನು ಕಟ್ಟಿದವರು ಕಟ್ಟಿದುದರ ವಿವರವಿರುವ ಅದರ ಸ್ಟೇಟ್ ಫೈಲನ್ನು ಕಳೆದುಕೊಂಡರೆ, ಕಟ್ಟಿದ್ದು ಕಣ್ಣೆದುರಿಗಿದ್ದರೂ ಆ ಸಾಧನವು ಅದನ್ನು ತನ್ನದೆಂದು ಗುರುತಿಸದು. ರೂಪ ಬೇರೆಯಾದರೂ ಧರ್ಮ ಅದೇ.

ಮೂರನೆಯ ಆಕ್ಷೇಪ ಮೇಲುನೋಟಕ್ಕೆ ನಿರುತ್ತರವೆನಿಸುವಂಥದು: ಎಲ್ಲವನ್ನೂ ತಾನಾಗಿ ನಡೆಯುವಂತೆ ಹೂಡಿದ್ದೇವೆ, ಇನ್ನು ಮನುಷ್ಯನು ಚಿಂತಿಸಬೇಕಾದುದು ಏನೂ ಇಲ್ಲ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದುದನ್ನು, ಆ ಸಂಸ್ಥೆಯವರೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿದ ವರದಿಯಿಂದ, ಇಲ್ಲಿ ನೆನೆಯುವುದು ಉಚಿತ. ಎಂಜಿನಿಯರೊಬ್ಬರು ಒಂದು ಸರ್ವರಿನಲ್ಲಿ ನಡೆಸಬೇಕಾಗಿದ್ದ ಅಳಿಸುವ ಆದೇಶವನ್ನು ಮುಖ್ಯ ದತ್ತಾಂಶವಿದ್ದ ಸರ್ವರಿನಲ್ಲಿ ನಡೆಸಿಬಿಟ್ಟರು. ತಪ್ಪನ್ನು ಅರಿತು ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಮಾತ್ರ ಉಳಿದಿತ್ತು. ದಿನನಿತ್ಯವೂ ತಾನಾಗಿ ನಡೆಯುತ್ತದೆಂದು ನಂಬಿದ್ದ ಬ್ಯಾಕಪ್ಪನ್ನು ತೆರೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸು 9.6ನೆಯ ಆವೃತ್ತಿಯದು, ಬ್ಯಾಕಪ್ ತೆಗೆಯುವ ಪ್ರೋಗ್ರಾಮು 9.2ನೆಯ ಆವೃತ್ತಿಯದು, ಎರಡೂ ಹೊಂದದೆ ಬ್ಯಾಕಪ್ ಪ್ರತಿ ಸಲವೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಇ-ಮೇಲುಗಳು, ಅವುಗಳಿಗೆ ಇರಬೇಕಾದ ದೃಢೀಕರಣವಿಲ್ಲವೆಂಬ ಕಾರಣದಿಂದ, ತಲುಪಬೇಕಾದವರನ್ನು ತಲುಪದೆ ತಿರಸ್ಕೃತವಾಗುತ್ತಿದ್ದುವು. ಸಂಸ್ಥೆಯನ್ನು ಉಳಿಸಿದುದು, ಬೇರೊಂದು ಕೆಲಸಕ್ಕೋಸ್ಕರ ಸುಮಾರು ಆರು ಗಂಟೆಗಳ ಮುಂಚೆ ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಆ ಆರು ಗಂಟೆಗಳ ಕೆಲಸ ಮರಳಿ ಬರಲಿಲ್ಲ. ಯಂತ್ರ ಬದಲಾಗಿತ್ತು, ಅದನ್ನು ಕಾಪಾಡಬೇಕಾದ ವಿಧಾನ ಬದಲಾಗಿರಲಿಲ್ಲ, ಎಂಬುದೇ ಈ ಪ್ರಸಂಗದ ಸಾರ. ಸ್ವಯಂಚಾಲನೆಯು ಮರೆವಿಗೆ ಔಷಧ. ಪರೀಕ್ಷೆ ಮಾಡದಿರುವ ಅಭ್ಯಾಸಕ್ಕೆ ಅದು ಔಷಧವಾಗದು.

ಹಾಗಾದರೆ ಮಾಡಬೇಕಾದುದೇನು? ಪರಿಷ್ಕರಣವನ್ನು ಬ್ಯಾಕಪ್ಪಿನಿಂದ ಬೇರೆಯಾದ ಕೆಲಸವೆಂದು ಎಣಿಸುವುದನ್ನು ಮೊದಲು ಬಿಡಬೇಕು. ಲಿನಕ್ಸ್ ಯಂತ್ರಗಳಿಗಾಗಿ 2006ರಿಂದ ಬೆಳೆದುಬಂದಿರುವ ‘ರಿಲಾಕ್ಸ್ ಅಂಡ್ ರಿಕವರ್’ ಎಂಬ ಮುಕ್ತ ತಂತ್ರಾಂಶದಲ್ಲಿ ಈ ತತ್ತ್ವವು ಒಂದೇ ಸಾಲಿನಲ್ಲಿ ಅಡಕವಾಗಿದೆ. ಅದರ ‘ಚೆಕ್‌ಲೇಔಟ್’ ಎಂಬ ಆದೇಶವು ಡಿಸ್ಕಿನ ಇಂದಿನ ರಚನೆಯನ್ನು ಹಿಂದೆ ಬರೆದಿಟ್ಟ ರಚನೆಯೊಡನೆ ಹೋಲಿಸಿ ನೋಡುತ್ತದೆ. ವ್ಯತ್ಯಾಸ ಕಂಡರೆ ‘ಎಂಕೆರೆಸ್ಕ್ಯೂ’ ಎಂಬ ಆದೇಶವು ಹೊಸ ರಿಕವರಿ ಚಿತ್ರವನ್ನು ಕಟ್ಟುತ್ತದೆ. ರಾತ್ರಿಯ ಒಂದು ನಿಯತ ವೇಳೆಯಲ್ಲಿ ಮೊದಲನೆಯದು ನಡೆದು, ಅಗತ್ಯಬಿದ್ದರೆ ಎರಡನೆಯದು ನಡೆಯುವಂತೆ ಕ್ರಾನ್ ಪಟ್ಟಿಯಲ್ಲಿ ಒಂದು ಸಾಲು ಬರೆದರೆ ಸಾಕು. ಬದಲಾವಣೆಯನ್ನು ಮನುಷ್ಯ ನೆನಪಿಟ್ಟು ಹೇಳಬೇಕೆಂದು ಕಾಯದೆ, ಬದಲಾವಣೆಯೇ ತನ್ನನ್ನು ತಾನು ಸಾರುವಂತೆ ಮಾಡಿರುವುದು ಈ ಉಪಾಯದ ಹಿರಿಮೆ.

ಎರಡನೆಯದಾಗಿ, ಪರಿಷ್ಕರಿಸಿದ ಫೈಲು ತಾನು ವರ್ಣಿಸುವ ಯಂತ್ರದಲ್ಲಿಯೇ ಉಳಿಯಕೂಡದು. ಲಿನಕ್ಸಿನ ಎಲ್‌ವಿಎಂ ಎಂಬ ಡಿಸ್ಕ್ ವ್ಯವಸ್ಥೆಯು ತನ್ನ ರಚನೆ ಬದಲಾದಾಗಲೆಲ್ಲ ಅದರ ವಿವರವನ್ನು ತಾನಾಗಿಯೇ ಒಂದು ಫೈಲಿನಲ್ಲಿ ಬರೆದಿಡುತ್ತದೆ. ಇದು ಪ್ರಶಂಸಾರ್ಹವಾದ ಎಚ್ಚರಿಕೆಯೇ ಸರಿ, ಆದರೆ ಆ ಫೈಲು ಇರುವುದು ಅದೇ ಯಂತ್ರದ ‘ಇಟಿಸಿ’ ಡೈರೆಕ್ಟರಿಯಲ್ಲಿ. ಡಿಸ್ಕು ಹೋದ ದಿನ ಅದೂ ಹೋಗುತ್ತದೆ. ಕೀಲಿಗಳ ವಿಷಯದಲ್ಲಿ ಈ ದೋಷ ಇನ್ನೂ ಕಠೋರವಾಗಿ ಪ್ರಕಟವಾಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಯುಕ್ತ ಅಪ್‌ಡೇಟಿನಿಂದ ಮೈಕ್ರೊಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದಾಗ, ಭಾರತದ ವಿಮಾನ ನಿಲ್ದಾಣಗಳಲ್ಲಿ ಕೈಯಿಂದ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಡುವ ಸ್ಥಿತಿ ಬಂದುದನ್ನು ಅನೇಕರು ಬಲ್ಲರು. ದೋಷಕ್ಕೆ ಪರಿಹಾರ ಸರಳವಾಗಿತ್ತು: ಸೇಫ್ ಮೋಡಿನಲ್ಲಿ ಯಂತ್ರವನ್ನು ಎಬ್ಬಿಸಿ ಒಂದು ಫೈಲನ್ನು ಅಳಿಸುವುದು. ಆದರೆ ಬಿಟ್‌ಲಾಕರಿನಿಂದ ಡಿಸ್ಕಿಗೆ ಬೀಗ ಹಾಕಿದ್ದ ಯಂತ್ರಗಳಿಗೆ ಅದಕ್ಕೂ ಮೊದಲು 48 ಅಂಕೆಗಳ ರಿಕವರಿ ಕೀ ಬೇಕಾಯಿತು. ಕೆಲವು ಕಡೆ ಆ ಕೀಲಿಗಳನ್ನು ಇಟ್ಟಿದ್ದ ಸರ್ವರುಗಳೂ ಅದೇ ದೋಷಕ್ಕೆ ಸಿಲುಕಿ ನಿಂತಿದ್ದುವು. ಒರೇಕಲ್ ಡೇಟಾಬೇಸಿನಲ್ಲಿ ಎಲ್ಲವೂ ನಾಶವಾದಾಗ ಕಂಟ್ರೋಲ್ ಫೈಲಿನ ಪ್ರತಿಯನ್ನು ಹೊರತೆಗೆಯಲು ಡಿಬಿಐಡಿ ಎಂಬ ಒಂದು ಸಂಖ್ಯೆ ಬೇಕಾಗುವ ಸಂದರ್ಭ ಒದಗುತ್ತದೆ; ಅದನ್ನು ಕಾಗದದ ಮೇಲೆ ಬರೆದು ಬೇರೆಡೆ ಇಟ್ಟಿರುವವರು ದೂರದರ್ಶಿಗಳು.

ಮೂರನೆಯದಾಗಿ, ಹಳೆಯ ಪ್ರತಿಗಳ ವಿಚಾರ. ಹೊಸದು ಬಂತೆಂದು ಹಳೆಯದನ್ನೆಲ್ಲ ಕೂಡಲೇ ಎಸೆಯುವುದು ವಿವೇಕವಲ್ಲ, ಏಕೆಂದರೆ ಇತ್ತೀಚಿನ ಬ್ಯಾಕಪ್ಪೇ ಕೆಟ್ಟಿದ್ದರೆ ಹಿಂದಿನ ಬ್ಯಾಕಪ್ಪಿಗೆ ಹಿಂದಿನ ರಿಕವರಿ ಫೈಲೇ ಬೇಕು. ಆದುದರಿಂದ ಒಂದೊಂದಕ್ಕೂ ದಿನಾಂಕವಿದ್ದು, ಯಾವ ಫೈಲು ಯಾವ ಬ್ಯಾಕಪ್ಪಿನ ಜೊತೆಯದೆಂಬುದು ಸ್ಪಷ್ಟವಾಗಿರಬೇಕು. ಇದಕ್ಕೆ ಒಂದು ಅಪವಾದವುಂಟು. ಲಿನಕ್ಸಿನಲ್ಲಿ ಡಿಸ್ಕಿಗೆ ಗೂಢಲಿಪಿಯ ರಕ್ಷಣೆ ಕೊಡುವ ಎಲ್‌ಯುಕೆಎಸ್ ವ್ಯವಸ್ಥೆಯಲ್ಲಿ ಡಿಸ್ಕಿನ ಆರಂಭಭಾಗದ ಹೆಡರಿನ ಪ್ರತಿಯನ್ನು ತೆಗೆದಿಡುವುದು ಅತ್ಯಗತ್ಯ, ಹೆಡರ್ ಕೆಟ್ಟರೆ ಡಿಸ್ಕಿನಲ್ಲಿರುವುದನ್ನೆಲ್ಲ ಶಾಶ್ವತವಾಗಿ ಕಳೆದುಕೊಂಡಂತೆ. ಆದರೆ ಪಾಸ್‌ವರ್ಡ್ ಬಯಲಾಯಿತೆಂದು ಅದನ್ನು ಬದಲಿಸಿದ ಮೇಲೂ ಹಳೆಯ ಹೆಡರಿನ ಪ್ರತಿ ಎಲ್ಲಿಯಾದರೂ ಉಳಿದಿದ್ದರೆ, ಬಯಲಾದ ಆ ಹಳೆಯ ಪಾಸ್‌ವರ್ಡಿನಿಂದಲೇ ಡಿಸ್ಕನ್ನು ತೆರೆಯಬಹುದು. ಪರಿಷ್ಕರಿಸದ ರಿಕವರಿ ಫೈಲು ಕೆಲಸಕ್ಕೆ ಬಾರದಿರುವುದಷ್ಟೇ ಅಲ್ಲದೆ, ಕಳ್ಳನಿಗೆ ಬಾಗಿಲಾಗುವುದೂ ಉಂಟೆಂಬುದಕ್ಕೆ ಇದು ನಿದರ್ಶನ.

ಕಡೆಯದು ಮತ್ತು ಎಲ್ಲಕ್ಕಿಂತ ಹೆಚ್ಚಿನದು ಪ್ರಯೋಗ. ಪುನಃಸ್ಥಾಪನೆಯ ಪೂರ್ಣ ಅಭ್ಯಾಸವನ್ನು ಬಿಡಿ ಯಂತ್ರವೊಂದರ ಮೇಲೆ ಆಗಾಗ ನಡೆಸದೆ, ಫೈಲು ಸರಿಯಾಗಿದೆಯೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆ ಅಭ್ಯಾಸವನ್ನು, ವ್ಯವಸ್ಥೆಯನ್ನು ಕಟ್ಟಿದವರಲ್ಲದ ಇನ್ನೊಬ್ಬರು ನಡೆಸುವುದು ಮೇಲು. ಕಟ್ಟಿದವರು ತಮ್ಮ ಮನಸ್ಸಿನಲ್ಲಿರುವುದನ್ನು ತಮಗರಿವಿಲ್ಲದೆಯೇ ಬಳಸಿಕೊಂಡು, ಬರಹದಲ್ಲಿರುವ ಕೊರತೆಯನ್ನು ತುಂಬಿಬಿಡುತ್ತಾರೆ.

ಇಷ್ಟು ವಿಸ್ತಾರವಾಗಿ ಹೇಳಲು ಕಾರಣವುಂಟು. ಒಂದು ಕಾಲಕ್ಕೆ ಗಣಕಯಂತ್ರದಲ್ಲಿರುವುದು ಕಾಗದದಲ್ಲಿರುವುದರ ನಕಲಾಗಿತ್ತು. ಯಂತ್ರ ಕೆಟ್ಟರೆ ಕಡತವನ್ನು ಬಿಚ್ಚಬಹುದಾಗಿತ್ತು. ಈಗ ಆ ಸಂಬಂಧ ತಿರುಗುಮುರುಗಾಗಿದೆ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಏರಿ, ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿದಂದಿನಿಂದ, ರೈತನ ಹಕ್ಕಿನ ಪ್ರಮಾಣವು ಯಂತ್ರದೊಳಗಿನ ಬರಹವೇ ಆಗಿದೆ. ಬ್ಯಾಂಕಿನ ಖಾತೆ, ಆಸ್ಪತ್ರೆಯ ರೋಗವೃತ್ತಾಂತ, ವಿದ್ಯಾರ್ಥಿಯ ಅಂಕಪಟ್ಟಿ ಇವುಗಳ ಸಂಗತಿಯೂ ಇದೇ. ಇಂಥ ಯಂತ್ರಗಳನ್ನು ನೋಡಿಕೊಳ್ಳುವವರು ತಮ್ಮ ಒಡೆಯರ ಸ್ವತ್ತನ್ನು ಮಾತ್ರ ಕಾಯುತ್ತಿಲ್ಲ. ತಮಗೆ ಪರಿಚಯವೇ ಇಲ್ಲದ ಅಸಂಖ್ಯಾತರ ನ್ಯಾಯವಾದ ಹಕ್ಕುಗಳಿಗೆ ಅವರು ಧರ್ಮದರ್ಶಿಗಳು. ಅವರ ಕೆಲಸದಲ್ಲಿ ಕೀರ್ತಿಯಿಲ್ಲ. ಚೆನ್ನಾಗಿ ನಡೆದ ದಿನ ಅದು ಯಾರ ಗಮನಕ್ಕೂ ಬರುವುದಿಲ್ಲ. ಹಾಗಿರುವುದರಿಂದಲೇ ಆ ಕೆಲಸವನ್ನು ವ್ಯಕ್ತಿಯ ಸದ್ಗುಣಕ್ಕೆ ಬಿಡದೆ ಸಂಸ್ಥೆಯ ನಿಯಮದಲ್ಲಿ ನೆಲೆಗೊಳಿಸಬೇಕು.

ನಿಯಮವು ದೀರ್ಘವಾಗಬೇಕಾದುದಿಲ್ಲ. ಬ್ಯಾಕಪ್ಪಿನ ದಿನಚರಿಯಲ್ಲಿ ‘ದತ್ತಾಂಶ’ ಎಂಬ ಅಂಕಣದ ಪಕ್ಕದಲ್ಲಿ ‘ರಿಕವರಿ ಫೈಲು’ ಎಂಬ ಇನ್ನೊಂದು ಅಂಕಣವಿರಲಿ. ಯಾವ ರಾತ್ರಿ ಆ ಎರಡನೆಯ ಅಂಕಣ ಖಾಲಿಯಾಗಿರುತ್ತದೆಯೋ, ಆ ರಾತ್ರಿಯ ಬ್ಯಾಕಪ್ ‘ಅಪೂರ್ಣ’ವೆಂದೇ ದಾಖಲಾಗಲಿ, ಮತ್ತು ಅಪೂರ್ಣವಾದ ಬ್ಯಾಕಪ್ಪಿಗೆ ಮೇಲಧಿಕಾರಿಯು ರುಜು ಹಾಕದಿರಲಿ. ‘ಬ್ಯಾಕಪ್ ಆಯಿತೇ?’ ಎಂದು ಕೇಳುವುದನ್ನು ಬಿಟ್ಟು ‘ಇದರಿಂದ ನಾಳೆ ಯಂತ್ರವನ್ನು ಎಬ್ಬಿಸಬಲ್ಲೆವೇ?’ ಎಂದು ಕೇಳುವ ಪದ್ಧತಿ ನೆಲೆಗೊಂಡ ಕಚೇರಿಯಲ್ಲಿ ಉಳಿದ ಎಚ್ಚರಿಕೆಗಳೆಲ್ಲ ತಾವಾಗಿಯೇ ಹಿಂಬಾಲಿಸಿ ಬರುತ್ತವೆ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಇದನ್ನು ಬಿಟ್ಟರೆ ತೆರಬೇಕಾದ ಬೆಲೆಯನ್ನು ತೆರುವವರು, ಬಹುಪಾಲು, ಬಿಟ್ಟವರಲ್ಲ, ಅವರನ್ನು ನಂಬಿದವರು.